ವಾರಕ್ಕೆ ಇಪ್ಪತ್ತು ಗಂಟೆ

ಜನವರಿ ೧೭, ಶನಿವಾರ

ಊರಿಗೆ ಇನ್ನು ೪೮೭ ದಿನ.

ವಾರದ ಮೊದಲ ದಿನ ಶುರು ಮಾಡಿದ ಕೆಲಸ ಕೈಗೂಡುತ್ತದೆ ಎಂದು ನನ್ನಮ್ಮ, ಮಾಮಾನ್, ಹೇಳುತ್ತಾಳೆ. ಅದಕ್ಕೇ ಇವತ್ತು ಬೆಳಿಗ್ಗೆ ಎದ್ದವಳೇ ನಮ್ಮೂರು ರಶ್ತ್‌ನಿಂದ ತಂದ ಕ್ಯಾಲೆಂಡರನ್ನು ಗೋಡೆಗೆ ನೇತುಹಾಕಿ, ಈ ದಿನಚರಿ ತೆರೆದೆ. ಇನ್ನೂ ಹಲ್ಲುಜ್ಜಿಲ್ಲ.

ದೊಡ್ಡ ಸುದ್ದಿ ಎಂದರೆ ಕೆಲಸ ಸಿಕ್ಕಿದೆ. ಕ್ಯಾಂಪಸ್ಸಿನ ಮೆಸ್ಸಿನಲ್ಲಿ ಪಾತ್ರೆ ತೊಳೆಯುವುದು. ನಾನು, ಲಾದನ್, ಸಂಖ್ಯಾಶಾಸ್ತ್ರದಲ್ಲಿ ಊರಿಗೇ ಎರಡನೆಯವಳಾಗಿ ಪಾಸಾದವಳು, ಅಯೋವಾದ ಹಿಮದಲ್ಲಿ ಕಂಡವರ ಎಂಜಲು ತಟ್ಟೆ ತೊಳೆಯಲು ಬಂದಿದ್ದೇನೆ. ಆದರೆ ಪಾತ್ರೆ ಸಿಕ್ಕಿದ್ದೇ ಹೆಚ್ಚು. ಬೇರೆ ಕೆಲಸಗಳನ್ನೆಲ್ಲ ಹಳಬರು ಹಿಡಿದು ಕೂತಿದ್ದಾರೆ.

ನಿನ್ನೆ ವಿದೇಶಿ ವಿದ್ಯಾರ್ಥಿಗಳ ಕಚೇರಿಯ ಹಾಲ್ವರ್ಸನ್ ಸಾಹೇಬರು ನನ್ನನ್ನು ಎದುರಿಗೆ ಕೂರಿಸಿಕೊಂಡು ನಿಯಮ ಓದಿದರು. ಆಳು ಆರೂವರೆ ಅಡಿ ಎತ್ತರ, ನಗು ಮಾತ್ರ ಗಿಡ್ಡ. ನಮ್ಮಂಥ ವಿದ್ಯಾರ್ಥಿ ವೀಸಾದವರು ಕ್ಯಾಂಪಸ್ಸಿನ ಒಳಗಷ್ಟೇ ದುಡಿಯಬೇಕು. ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ ಇಪ್ಪತ್ತು ಗಂಟೆ, ರಜೆಯಲ್ಲಾದರೆ ಹೆಚ್ಚು ಮಾಡಬಹುದು. ಸಂಬಳದ ಕೆಲಸವನ್ನು ಪುಕ್ಕಟೆ ಮಾಡಿಕೊಟ್ಟರೂ ಅದು ಕೆಲಸವೇ.

"ಇಪ್ಪತ್ತು ಗಂಟೆ ಮೇಲೆ ಒಂದು ನಿಮಿಷ ಆದ್ರೆ?" ಎಂದು ಕೇಳಿದೆ.

"ಆಗ್ಬಾರ್ದಮ್ಮ."

"ಆಗೇ ಬಿಟ್ರೆ?"

"ನಾನು ಮೇಲಕ್ಕೆ ಬರೀಬೇಕಾಗುತ್ತೆ. ನಿನ್ನ ದಾಖಲೆ ಮುಚ್ಚಿ ಹೋಗುತ್ತೆ. ಓದು ಅಲ್ಲಿಗೇ ನಿಂತು, ಊರಿಗೆ ಹೊರಡಬೇಕಾಗುತ್ತೆ. ಆಮೇಲೆ ನೀನು ಎಷ್ಟು ಒಳ್ಳೆ ಹುಡುಗಿ ಅಂತ ನಾನು ಬಾಯ್ ಬಾಯ್ ಬಡ್ಕೊಂಡ್ರೂ ಕೇಳೋರಿಲ್ಲ."

ನನ್ನದು ಒಂದೇ ಸಲ ಒಳಗೆ ಬಿಡುವ ವೀಸಾ. ಹೊರಗೆ ಹೋದರೆ ಹೋದಂತೆಯೇ.

ಮಾಮಾನ್‌ಗೆ ಲೈಬ್ರರಿಯಲ್ಲಿ ಕೆಲಸ ಎಂದು ಹೇಳಿದ್ದೇನೆ. ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳಿಗೆ ಪಾತ್ರೆ ಎಂದು ಹೇಳುವ ಧೈರ್ಯ ನನಗಿಲ್ಲ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಲೈಬ್ರರಿ ಬೆಚ್ಚಗಿದೆಯಾ?" ಮೆಸ್ಸು ಬೆಚ್ಚಗಿದೆ. ಅಷ್ಟಾದರೂ ನಿಜ ಹೇಳಿದೆ.

ಜನವರಿ ೨೦, ಮಂಗಳವಾರ

೪೮೪ ದಿನ.

ಮೊದಲ ದಿನ. ಬೆನ್ನು ಮುರಿದಿದೆ. ಅಡುಗೆಮನೆಯ ಯಜಮಾನಿ ಡೋರೀನ್ ಎನ್ನುವವರು. ಅರವತ್ತು ದಾಟಿದೆ, ಗಂಟಲು ಮಾತ್ರ ಇಪ್ಪತ್ತರದ್ದು. ಎಲ್ಲದಕ್ಕೂ ಕಿರುಚುತ್ತಾರೆ. ನನಗೆ ಹಿಡಿಸಲಿಲ್ಲ.

"ಡೋರೀನ್ ಅಂತ ಕರಿ, ಸಾಕು" ಎಂದರು. ಚಿಕ್ಕಮ್ಮನ ವಯಸ್ಸಿನವರನ್ನು ಬರೀ ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಬರಲಿಲ್ಲ. "ಆಗಲಿ ಡೋರೀನ್ ಖಾನುಂ" ಎಂದೆ.

"ಖಾನುಂ ಅಂದ್ರೇನೇ?"

"ಅಮ್ಮಾವ್ರು ಅಂತ."

ಅವರು ಸೌಟು ಹಿಡಿದುಕೊಂಡೇ ನಕ್ಕರು. "ಕೇಳಿದ್ರೇನ್ರೋ? ಮೂವತ್ತೆರಡು ವರ್ಷ ನಿಮ್ಗೆಲ್ಲ ಬೇಯ್ಸಿ ಹಾಕ್ದೆ, ಒಬ್ನಾದ್ರೂ ಅಮ್ಮಾವ್ರು ಅಂದ್ನಾ?" ಸಂಜೆ ಹೊತ್ತಿಗೆ ಇಡೀ ಅಡುಗೆಮನೆ ನನ್ನನ್ನೇ ಖಾನುಂ ಎಂದು ಕರೆಯುತ್ತಿತ್ತು. ಇವರ ಅಡುಗೆಮನೆಯಲ್ಲಿ ಗೌರವ ಕೊಟ್ಟವರಿಗೇ ಅಡ್ಡಹೆಸರು.

ಜನವರಿ ೨೧, ಬುಧವಾರ

೪೮೩.

ಡೋರೀನ್ ಖಾನುಂ ಸೇಬಿನ ಪೈ ಮಾಡಿದ್ದರು. ಬೆಳಗಿನಿಂದ ಅದರ ವಾಸನೆ ಕುಡಿದೇ ಕೆಲಸ ಮಾಡಿದ್ದೆ. "ತಿಂತೀಯಾ ಖಾನುಂ?" ಎಂದರು.

"ಅಯ್ಯೋ ಬೇಡ, ನಿಮಗ್ಯಾಕೆ ತೊಂದರೆ."

"ಸರಿ" ಎಂದು ತಟ್ಟೆ ಎತ್ತಿ ಪಕ್ಕದ ಕ್ವಾಬೆನಾಗೆ ಕೊಟ್ಟೇಬಿಟ್ಟರು! ಬೇಡ ಎನ್ನುವುದು, ಅವರು ಮತ್ತೆ ಕೇಳುವುದು, ಇನ್ನೊಮ್ಮೆ ಬೇಡ ಎನ್ನುವುದು, ಅವರು ಬಲವಂತ ಮಾಡುವುದು, ಆಮೇಲೆ ತಿನ್ನುವುದು. ಮನುಷ್ಯರು ಹೀಗಲ್ಲವೇ ತಿನ್ನುವುದು? ಈ ದೇಶದಲ್ಲಿ ಉಪಚಾರ ಮಾಡಿದರೆ ಉಪವಾಸ.

ಕ್ವಾಬೆನಾ ಘಾನಾದವನು. ಮಣ್ಣಿನ ಮೇಲೆ ಸಂಶೋಧನೆ ಮಾಡುತ್ತಾನೆ, ನನ್ನ ಹಾಗೆಯೇ ವಾರಕ್ಕೆ ಇಪ್ಪತ್ತು ಗಂಟೆಯವನು, ಎರಡು ವರ್ಷದಿಂದ ಈ ಸಿಂಕಿನ ಮುಂದೆ ನಿಂತಿದ್ದಾನೆ. ನನ್ನ ಪೈಯನ್ನು ನನ್ನ ಮುಖ ನೋಡುತ್ತಲೇ ತಿಂದ. "ತಂಗೀ, ಇಲ್ಲಿ ಒಂದೇ ಸಲ ಕೇಳ್ತಾರೆ. ಮೊದ್ಲು ಹೂಂ ಅನ್ನು, ನಾಚ್ಕೆನ ಆಮೇಲೆ ಪಟ್ಕೊ" ಎಂದ. ಕೊನೆಯ ತುಂಡನ್ನೂ ಬಿಡಲಿಲ್ಲ.

ಜನವರಿ ೩೧, ಶನಿವಾರ

೪೭೩.

ಹೋದ ವಾರ ಸರಿಯಾಗಿ ಇಪ್ಪತ್ತು. ಶನಿವಾರ ಆರು, ಸೋಮವಾರದಿಂದ ಶುಕ್ರವಾರದವರೆಗೆ ಹದಿನಾಲ್ಕು. ಕ್ಯಾಲೆಂಡರಿನಲ್ಲಿ ವಾರದ ಸಾಲು ಮುಗಿದಲ್ಲಿ ಹಸಿರು ಪೆನ್ನಿನಿಂದ ೨೦ ಎಂದು ಬರೆದು ಸುತ್ತು ಹಾಕಿದೆ. ನೋಡಲು ಚೆನ್ನಾಗಿದೆ.

ನನ್ನ ಪಾಳಿಯ ಪಟ್ಟಿಯನ್ನು ನಾನೇ ಬರೆದುಕೊಳ್ಳಬೇಕಂತೆ. "ನೀನು ಲೆಕ್ಕ ಓದ್ದೋಳು. ನಂಗೆ ಹೇಳೋ ಬದ್ಲು ನೀನೇ ಬರ್ಕೊ. ಇಪ್ಪತ್ತು ದಾಟಿದ್ರೆ ಮಾತ್ರ ನಿನ್ನ ಚರ್ಮ ಸುಲೀತೀನಿ" ಎಂದರು ಡೋರೀನ್ ಖಾನುಂ. ಇಪ್ಪತ್ತರವರೆಗೆ ಎಣಿಸಲು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಫೆಬ್ರವರಿ ೬, ಶುಕ್ರವಾರ

೪೬೭ ಇರಬೇಕು.

ಚಳಿ. ಪರೀಕ್ಷೆ. ಮಾಮಾನ್ ಫೋನಿನಲ್ಲಿ ಲೈಬ್ರರಿಯ ಬಗ್ಗೆ ಕೇಳಿದಳು. ಯಾವ ಪುಸ್ತಕ ಹೆಚ್ಚು ಹೋಗುತ್ತದೆ ಎಂದು. ಬೇಯಿಸಿದ ಆಲೂಗಡ್ಡೆ ಎನ್ನಲಾಗಲಿಲ್ಲ. ಇತಿಹಾಸ ಎಂದೆ.

ಫೆಬ್ರವರಿ ೧೮, ಬುಧವಾರ

ಇವತ್ತು ನಕ್ಕೂ ನಕ್ಕೂ ಪಕ್ಕೆ ನೋವು.

ಪಾತ್ರೆ ತೊಳೆಯುವ ಯಂತ್ರ ಕೆಟ್ಟು ನಿಂತಿತು. ನಾನೂರು ತಟ್ಟೆಗಳನ್ನು ನಾನು, ಕ್ವಾಬೆನಾ ಕೈಯಲ್ಲೇ ಉಜ್ಜಿದೆವು. ಬೇಸರ ಕಳೆಯಲು ಅವನು ಅವರ ಚರ್ಚಿನ ಹಾಡು ಎತ್ತಿಕೊಂಡ, ನಾನು ನಮ್ಮ ಸೀಮೆ ಗಿಲಾನಿನ ಭತ್ತದ ಗದ್ದೆಯ ಹಾಡು. ಎರಡೂ ಒಟ್ಟಿಗೆ ಸೇರಿದಾಗ ಡೋರೀನ್ ಓಡಿ ಬಂದಳು. "ಯಾರ್ ಸತ್ತೋದ್ರು?" ಎಂದಳು. ಆಮೇಲೆ ಅವಳೂ ಸೇರಿಕೊಂಡಳು. ಅವಳ ಗಂಟಲಿಗೆ ಕಿಟಕಿ ಗಾಜು ಉಳಿದಿದ್ದೇ ಪುಣ್ಯ.

ಕೆಲಸ ಮುಗಿದ ಮೇಲೆ ನಮ್ಮ ಅಡುಗೆಮನೆಯವರಿಗೆಂದು ಒಂದು ಪಾತ್ರೆ ಅನ್ನ ಮಾಡಲು ಅವಳು ಬಿಟ್ಟಳು. ತಳದಲ್ಲಿ ಬೆಣ್ಣೆ, ಕೇಸರಿ, ಸಣ್ಣ ಉರಿ. ಮಗುಚಿ ಹಾಕಿದಾಗ ತಹ್‌ದಿಗ್ ಇಡಿಯಾಗಿ ಎದ್ದು ಬಂತು. ಹೊಂಬಣ್ಣಕ್ಕೆ ಗರಿಗರಿಯಾಗಿ ಕಟ್ಟಿದ ತಳದ ಅನ್ನ. ಡೋರೀನ್ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಮಾತೇ ಇಲ್ಲ. ಇನ್ನೊಂದು ಚೂರು. ಆಗಲೂ ಮಾತಿಲ್ಲ. ಆ ಹೆಂಗಸು ಸುಮ್ಮನಿದ್ದುದನ್ನು ಅಡುಗೆಮನೆ ಕಂಡಿದ್ದೇ ಮೊದಲಂತೆ.

"ಮೂವತ್ತೆರಡು ವರ್ಷದಿಂದ ತಳ ಹಿಡಿದ ಅನ್ನ ಬಿಸಾಕ್ತಾ ಬಂದೆನಲ್ಲೇ" ಎಂದಳು ಕೊನೆಗೆ.

ನೌರೂಜ್ ಬರುತ್ತದೆ, ನಮ್ಮ ಹೊಸವರ್ಷ, ಆಗ ಸೊಪ್ಪಿನ ಅನ್ನಕ್ಕೆ ಮೀನು, ಮನೆ ತುಂಬ ಜನ ಎಂದು ಏನೇನೋ ಹೇಳಿದೆ. ಅವಳು ಕೈ ಒರೆಸಿಕೊಂಡಳು. "ಹಂಗಾದ್ರೆ ಆ ಊಟ ಇಲ್ಲೇ ಆಗ್ಲಿ. ಇನ್ನೂರು ಜನಕ್ಕೆ. ನೀನೇ ಯಜಮಾನಿ. ಏನಂತೀಯ?"

ಮೊದಲ ಸಲಕ್ಕೇ ಹೂಂ ಎಂದೆ.

ಮಾರ್ಚ್ ೩, ಮಂಗಳವಾರ

ಊಟ ಇಪ್ಪತ್ತೊಂದಕ್ಕೆ, ಶನಿವಾರ ಮಧ್ಯಾಹ್ನ. ಹೊಸವರ್ಷದ ಮೊದಲ ದಿನ, ವಾರದ ಮೊದಲ ದಿನ, ಎರಡೂ ಒಂದೇ ದಿನ ಬಂದಿವೆ. ಎಂಥ ಶಕುನ!

ಡೋರೀನ್‌ಗೂ ನನಗೂ ಇವತ್ತು ಸಣ್ಣ ಜಟಾಪಟಿ. ತಹ್‌ದಿಗ್ ಮಾಡುವುದನ್ನು ಇನ್ನಿಬ್ಬರಿಗೆ ಹೇಳಿಕೊಡು ಎಂದಳು. ಆಗುವುದಿಲ್ಲ ಎಂದೆ.

"ಎಂಟು ಪಾತ್ರೆ ಇರುತ್ತೆ ಕಣೇ. ನಿಂಗೆಷ್ಟು ಕೈ?"

"ಎರಡೇ ಸಾಕು."

"ನಿಂಗೆ ಅವತ್ತು ಜ್ವರ ಬಂದ್ರೆ?"

"ಬರಲ್ಲ. ತಹ್‌ದಿಗ್ ಯಾರ್ ಕೈಗಾದ್ರೂ ಕೊಡೋ ಕೆಲಸ ಅಲ್ಲ. ನಮ್ಮೂರಲ್ಲಿ ಅದು ಒಡೆದ್ರೆ ಹತ್ತು ವರ್ಷ ಆಡ್ಕೊಳ್ತಾರೆ."

ಅವಳು ಗೊಣಗುತ್ತ ಹೋದಳು. ನನಗೆ ಗೊತ್ತು, ಇದು ಜಂಬ. ಇರಲಿ, ವರ್ಷಕ್ಕೊಂದು ದಿನದ ಜಂಬ.

ಮಾರ್ಚ್ ೧೪, ಶನಿವಾರ

ಇವತ್ತು ಮೆಸ್ಸಿಗೆ ಹೋಗಲಿಲ್ಲ. ಕೂತು ಓದಿದೆ, ಬಟ್ಟೆ ಒಗೆದೆ, ಮುಂದಿನ ಪಟ್ಟಿ ಬರೆದೆ. ನಾಳೆಯಿಂದ ಶುಕ್ರವಾರದವರೆಗೆ ಇಪ್ಪತ್ತು ಗಂಟೆಯನ್ನೂ ತಯಾರಿಗೇ ಹಾಕುತ್ತೇನೆ. ಕೊತ್ತಂಬರಿ, ಸಬ್ಬಸಿಗೆ, ಮೆಂತ್ಯದ ಸೊಪ್ಪು ಸೋಸಿ ಹೆಚ್ಚಬೇಕು, ಮೀನು ಬಿಡಿಸಬೇಕು, ಅಕ್ಕಿ ಆರಿಸಬೇಕು. ಊಟದ ದಿನ ಶನಿವಾರ, ಹೊಸ ವಾರ, ಹೊಸ ಇಪ್ಪತ್ತು. ಎಷ್ಟು ಅಚ್ಚುಕಟ್ಟಾಗಿ ಕೂತಿದೆ ಎಂದರೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮಾರ್ಚ್ ೨೦, ಶುಕ್ರವಾರ

ಇಪ್ಪತ್ತು ಮುಗಿಯಿತು, ನಾಲ್ಕು ಗಂಟೆಗೆ ಸರಿಯಾಗಿ. ನಮ್ಮ ಗಂಟೆಗಳ ಲೆಕ್ಕ ಇಡುವ ಗೋಡೆಯ ಯಂತ್ರಕ್ಕೆ ಕಾರ್ಡು ತೋರಿಸಿ ಹೊರಗೆ ಬಂದು, ಮೆಸ್ಸಿನ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತೆ. ನಮ್ಮ ವರ್ಷ ತಿರುಗುವುದು ಹಗಲು ರಾತ್ರಿ ಸಮವಾಗುವ ಗಳಿಗೆಗೆ, ಈ ಸಲ ಇಲ್ಲಿಯ ಐದೂ ಮುಕ್ಕಾಲಿಗೆ. ಒಬ್ಬಳೇ ಇದ್ದು ಬಿಡೋಣ, ಒಂದಿಷ್ಟು ಅತ್ತುಬಿಡೋಣ ಎಂದುಕೊಂಡಿದ್ದೆ.

ಐದೂ ನಲವತ್ತಕ್ಕೆ ಬಾಗಿಲು ತೆರೆಯಿತು. ಡೋರೀನ್, ಕ್ವಾಬೆನಾ, ರೊಟ್ಟಿ ಸುಡುವವರು, ತರಕಾರಿ ಹೆಚ್ಚುವವರು, ಎಲ್ಲರೂ ಏಪ್ರನ್ನಿನಲ್ಲೇ ಹೊರಗೆ ಬಂದು ಚಳಿಯಲ್ಲಿ ನಿಂತರು. "ಒಳಗೆ ಸೂಪು ಉಕ್ತಾ ಇದೆ, ಬೇಗ ತಿರುಗ್ಸು ನಿನ್ನ ವರ್ಷನ" ಎಂದಳು ಡೋರೀನ್. ಎಲ್ಲರೂ ಸೇರಿ ಹತ್ತರಿಂದ ಕೆಳಗೆ ಎಣಿಸಿದರು. ಅಳುವುದು ಮರೆತೇ ಹೋಯಿತು.

ಮಾರ್ಚ್ ೨೧, ಶನಿವಾರ

ಸಾಲಾಗಿ ಬರೆಯುತ್ತೇನೆ, ಇಲ್ಲದಿದ್ದರೆ ನಾಳೆ ನನಗೇ ನಂಬಿಕೆ ಬರುವುದಿಲ್ಲ.

ಏಳೂವರೆಗೆ ಹಾಡಿಕೊಂಡು ಮೆಸ್ಸಿಗೆ ಹೋದೆ. ಹೊಸ ಅಂಗಿ, ಅದರ ಮೇಲೆ ಏಪ್ರನ್. ಯಂತ್ರದ ಮುಂದೆ ಕಾರ್ಡು ಎತ್ತಿದ್ದೆ. ಕ್ವಾಬೆನಾ ಪಕ್ಕದಲ್ಲೇ ಬೂಟು ಬಿಚ್ಚುತ್ತಿದ್ದ.

"ಖಾನುಂ, ಈ ವಾರ ನಿಂದೆಷ್ಟಾಯ್ತು?"

"ಸೊನ್ನೆ! ಇವತ್ತು ತಾನೇ ವಾರ ಶುರು."

"ಶುರುವಾ? ಮತ್ತೆ ಭಾನುವಾರದಿಂದ ನನ್ನ ಪಕ್ಕ ನಿಂತ್ಕೊಂಡು ಸೊಪ್ಪು ಹೆಚ್ಚಿದ್ದು ಯಾರು, ನಿನ್ನ ದೆವ್ವನಾ?"

"ಅದು ಹೋದ್ವಾರ."

ಅವನು ಎದ್ದು ನಿಂತ. "ತಂಗೀ, ಇವತ್ತಿಗೆ ಅಂತ ನಾನು ಆರು ಗಂಟೆ ಉಳಿಸ್ಕೊಂಡಿದೀನಿ. ಶನಿವಾರ ವಾರದ ಕೊನೇ ದಿನ ಕಣೇ."

"ನಿಮ್ಮೂರಲ್ಲಿ."

"ನಮ್ಮೂರಲ್ಲೂ, ಈ ಊರಲ್ಲೂ, ಈ ಯಂತ್ರದ ಹೊಟ್ಟೆಯೊಳಗೂ!" ಎಂದವನೇ ಕಾರ್ಡನ್ನು ನನ್ನ ಕೈಯಿಂದ ಕಿತ್ತುಕೊಂಡ.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಇಷ್ಟು ದಿನ ಪ್ರತಿ ವಾರವೂ ಒಂದೇ ಥರ ಇದ್ದುದರಿಂದ ತಪ್ಪು ಮೇಲೆ ಬಂದಿರಲಿಲ್ಲ. ಎಲ್ಲಿಂದ ಎಣಿಸಿದರೂ ಇಪ್ಪತ್ತೇ. ಈ ವಾರ ಮಾತ್ರ ಪಟ್ಟಿ ಬದಲಿಸಿದ್ದೆ. ಇವರ ಲೆಕ್ಕದಲ್ಲಿ ಭಾನುವಾರದಿಂದ ನಿನ್ನೆವರೆಗೆ ನನ್ನ ಇಪ್ಪತ್ತೂ ಖರ್ಚಾಗಿವೆ. ಇವತ್ತು ಒಂದು ಸೌಟು ಎತ್ತಿದರೂ ನನ್ನ ದಾಖಲೆ ಮುಚ್ಚಬಹುದು. ಸಂಖ್ಯಾಶಾಸ್ತ್ರದ ವಿದ್ಯಾರ್ಥಿನಿಗೆ ವಾರ ಎಲ್ಲಿ ಶುರುವಾಗುತ್ತದೆ ಎಂದೇ ಗೊತ್ತಿರಲಿಲ್ಲ. ನಮ್ಮ ಕ್ಯಾಲೆಂಡರಿನಲ್ಲಿ ಸಾಲು ಶುರುವಾಗುವುದೇ ಶನಿವಾರದಿಂದ. ಅದನ್ನು ಯಾರಾದರೂ ಕೇಳಬೇಕಾದ ವಿಷಯ ಎಂದು ನನಗೆ ಹೊಳೆದೇ ಇರಲಿಲ್ಲ.

ಡೋರೀನ್ ಫೋನ್ ಮಾಡಿ ಹಾಲ್ವರ್ಸನ್ ಸಾಹೇಬರನ್ನು ಕರೆಸಿದಳು. ಅವರು ಹೇಗೂ ಮಧ್ಯಾಹ್ನದ ಊಟಕ್ಕೆ ಬರುವವರಿದ್ದರು, ಕಿವಿ ಮುಚ್ಚುವ ಟೋಪಿಯಲ್ಲಿ ಎಂಟಕ್ಕೇ ಬಂದರು. ಕಂಪ್ಯೂಟರಿನಲ್ಲಿ ನನ್ನ ಹೆಸರು ತೆಗೆದು ಬಹಳ ಹೊತ್ತು ನೋಡಿದರು.

"ಇಪ್ಪತ್ತು ಗಂಟೆ, ಸೊನ್ನೆ ನಿಮಿಷ" ಎಂದರು. "ಇನ್ನೂ ದಾಟಿಲ್ಲ."

"ಕಾರ್ಡ್ ತೋರ್ಸಲ್ಲ ಸಾರ್. ಸಂಬಳ ಬೇಡ. ಸುಮ್ನೆ ಮಾಡ್ಕೊಡ್ತೀನಿ."

"ಅದು ಇನ್ನೂ ಅಪಾಯ."

"ಕೈ ಹಾಕಲ್ಲ. ಪಕ್ಕದಲ್ಲಿ ನಿಂತು ಬಾಯಲ್ಲಿ ಹೇಳ್ತೀನಿ."

"ಈ ಊಟಕ್ಕೆ ನಿನ್ನ ಕೆಲಸವೇ ಹೇಳಿ ಮಾಡಿಸೋದು. ಬಾಯೂ ಕೈಯೇ." ಅವರ ಮುಖವೂ ಬಾಡಿತ್ತು. "ಮುಂದಿನ ವಾರ ಕಳೆದು ರಜೆ ಬರುತ್ತೆ. ಆಗ ನಲವತ್ತು ಗಂಟೆ ಮಾಡಮ್ಮ, ನಾನೇ ಬಂದು ತಿಂತೀನಿ. ಇವತ್ತೊಂದು ದಿನ ಬೇಡ. ನಿನ್ನನ್ನ ಊರಿಗೆ ಕಳ್ಸೋ ಕಾಗದಕ್ಕೆ ನಾನು ಸಹಿ ಹಾಕೋ ಹಾಗೆ ಮಾಡ್ಬೇಡ."

ಡೋರೀನ್ ಬಂದು ನನ್ನ ಏಪ್ರನ್ನಿನ ಗಂಟು ತಾನೇ ಬಿಚ್ಚಿದಳು. ನನಗೆ ದುಃಖ ತಡೆಯಲಾಗಲಿಲ್ಲ. ಒಳಗೆ ಎಂಟು ಪಾತ್ರೆಗಾಗುವಷ್ಟು ಅಕ್ಕಿ ನಿನ್ನೆಯಿಂದ ನೆನೆಯುತ್ತಿತ್ತು. ಇನ್ನಷ್ಟು ಹೊತ್ತು ಬಿಟ್ಟರೆ ಅಂಬಲಿಯೇ. ಇನ್ನೂರು ಜನ ಬರುವವರಿದ್ದರು. ತಹ್‌ದಿಗ್ ಮಾಡುವುದು ಆ ಅಡುಗೆಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ಯಾಕೆಂದರೆ ನಾನು ಹೇಳಿಕೊಟ್ಟಿರಲಿಲ್ಲ.

"ಬೈಯಿ ಡೋರೀನ್" ಎಂದೆ.

"ಬೈಯೋಕೆ ಪುರ್ಸೊತ್ತಿಲ್ಲ. ಇದು ಗೊತ್ತಿರೋರು ಈ ಊರಲ್ಲಿ ಬೇರೆ ಯಾರಿದಾರೆ ಹೇಳು."

ಈ ಊರಲ್ಲಿ ಯಾರೂ ಇರಲಿಲ್ಲ. ರಶ್ತ್‌ನಲ್ಲಿ ಒಬ್ಬಳಿದ್ದಳು. ಆದರೆ ಅವಳನ್ನು ಕೇಳಬೇಕಾದರೆ ನಾನೇಕೆ ಸೌಟು ಮುಟ್ಟುವಂತಿಲ್ಲ ಎಂದು ಹೇಳಬೇಕು. ಅದನ್ನು ಹೇಳಬೇಕಾದರೆ ಲೈಬ್ರರಿಯನ್ನು ಸುಡಬೇಕು. ಐದು ನಿಮಿಷ ಫೋನ್ ಹಿಡಿದು ಕೂತಿದ್ದೆ. ಓದು ಹೋದರೂ ಪರವಾಗಿಲ್ಲ, ಒಳಗೆ ನುಗ್ಗಿ ಮಾಡಿಯೇಬಿಡಲೇ ಎನ್ನಿಸಿದ್ದೂ ನಿಜ. ಅಷ್ಟು ಹೆದರಿಕೆ ನನಗೆ, ಮಾಮಾನ್ ಮುಖ ಬಾಡುವುದನ್ನು ನೋಡಲು. ಕೊನೆಗೆ ಬಟನ್ ಒತ್ತಿದೆ.

ಅಲ್ಲಿ ಸಂಜೆ. ಹಬ್ಬದ ಮೊದಲ ದಿನ, ಹಿರಿಯಳೆಂದು ಬಂಧುಗಳೆಲ್ಲ ಮಾಮಾನ್ ಮನೆಗೇ ಬರುವುದು. ಫೋನಿನ ತುಂಬ ಮುಖಗಳೇ. ಪೂರಾನ್ ಚಿಕ್ಕಮ್ಮ, ಮಾವ, ಎದುರುಮನೆಯವರು, ಎಲ್ಲರೂ ಸೂರ್ಯಕಾಂತಿ ಬೀಜ ಕಡಿಯುತ್ತ ಕೂತಿದ್ದರು.

"ಲಾದನ್ ಜಾನ್! ಏನೇ ಇದು, ಹಬ್ಬದ ದಿನ ಮುಖ ಹಿಂಗಿದೆ? ಲೈಬ್ರರಿ ಇವತ್ತೂ ತೆಗೆದಿದಾರಾ?"

"ಲೈಬ್ರರಿ ಇಲ್ಲ ಮಾಮಾನ್. ನಾನು ಮೆಸ್ಸಲ್ಲಿ ಪಾತ್ರೆ ತೊಳೆಯೋದು. ಜನವರಿಯಿಂದ." ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲ ಎಂದು ವಾರದ ಲೆಕ್ಕ, ವೀಸಾ, ಅಕ್ಕಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ರಶ್ತ್‌ನ ಆ ಕೋಣೆಯಲ್ಲಿ ಬೀಜ ಕಡಿಯುವ ಸದ್ದೂ ನಿಂತಿತು.

"ನೀನು?" ಎಂದಳು ಮಾಮಾನ್. "ಪಾತ್ರೆ? ಇಲ್ಲಿ ಕುಡಿದ ಚಹಾ ಲೋಟ ಎತ್ತಿಡು ಅಂತ ನಿಂಗೆ ನಾನು ಮೂರು ಸಲ ಕೂಗ್ಬೇಕಿತ್ತಲ್ಲೇ!"

ಹಿಂದಿನಿಂದ ಯಾರೋ ಕಿಸಕ್ಕೆಂದರು. ಪೂರಾನ್ ಚಿಕ್ಕಮ್ಮನೇ ಇರಬೇಕು.

"ಮಾಮಾನ್, ಸುಳ್ಳು ಹೇಳಿದ್ದಕ್ಕೆ..."

"ಅದನ್ನ ಆಮೇಲೆ ವಿಚಾರಿಸ್ಕೋತೀನಿ. ಅಕ್ಕಿ ಯಾವಾಗ ನೆನೆಹಾಕಿದ್ದು?"

"ನಿನ್ನೆ ನಾಲ್ಕಕ್ಕೆ."

"ಹಂಗಾದ್ರೆ ಅಳೋಕೆ ಟೈಮಿಲ್ಲ. ಆ ಹೆಂಗಸಿನ ಕೈಗೆ ಫೋನ್ ಕೊಡು."

ಮಾಮಾನ್ ಇಂಗ್ಲಿಷನ್ನು ಪುಸ್ತಕದಿಂದ ಕಲಿತವಳು, ಪುಸ್ತಕದಿಂದಲೇ ಕಲಿಸಿದವಳು. ಅದೇ ಇಂಗ್ಲಿಷು ಈಗ ಅಯೋವಾದ ಅಡುಗೆಮನೆಯಲ್ಲಿ ಗುಡುಗಿತು. "ಗೌರವಾನ್ವಿತ ಮಹಿಳೆಯೇ, ತಮಗೆ ಶುಭಾಶಯಗಳು. ತಮ್ಮ ಪಾತ್ರೆಯಲ್ಲಿ ಜಲವು ಕುದಿಯುತ್ತಿದೆಯೇ?"

"ಕುದೀತಿದೆ ಅಮ್ಮಾವ್ರೇ."

"ಹಾಗಿದ್ದಲ್ಲಿ ತಾವು ಯಾರಿಗಾಗಿ ಕಾಯುತ್ತಿರುವಿರಿ?"

ಕ್ವಾಬೆನಾ ಹಾಲ್ವರ್ಸನ್ ಸಾಹೇಬರ ಕಿವಿಗೆ ಬಗ್ಗಿದ. "ಸಾರ್, ಇವ್ರು ಕೆಲಸ ಮಾಡ್ಬೋದಾ? ವೀಸಾ ಇಲ್ವಲ್ಲ?"

ಸಾಹೇಬರು ನಿಜಕ್ಕೂ ಯೋಚಿಸಿದರು. "ಅವ್ರು ಅವ್ರ ಮನೇಲೇ ಇದಾರೆ. ನನ್ನ ಕಚೇರಿಗೆ ಸಂಬಂಧ ಇಲ್ಲ" ಎಂದರು. ಆಮೇಲೆ ನನ್ನನ್ನು ಊಟದ ಹಾಲಿಗೆ ಕರೆದುಕೊಂಡು ಹೋಗಿ ಮಧ್ಯದ ಮೇಜಿಗೆ ಕೂರಿಸಿ, ತಾವೂ ಎದುರಿಗೆ ಕೂತರು. ಯಾರಾದರೂ ಕೇಳಿದರೆ ಈ ಹುಡುಗಿ ಕಡ್ಡಿ ಅಲ್ಲಾಡಿಸಲಿಲ್ಲ ಎಂದು ಹೇಳಲು ಸಾಕ್ಷಿ ಬೇಕಂತೆ. ನನ್ನೆರಡು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ.

ಬಡಿಸುವ ಕಿಂಡಿಯಿಂದ ಎಲ್ಲ ಕೇಳುತ್ತಿತ್ತು. "ಮಹಿಳೆಯೇ, ಅಕ್ಕಿಯನ್ನು ಕಲಕದಿರಿ. ಅದು ಸಿಮೆಂಟಲ್ಲ." "ಮುಚ್ಚಳಕ್ಕೆ ಬಟ್ಟೆಯನ್ನು ಸುತ್ತಿರಿ. ಇದಲ್ಲ, ಶುಭ್ರವಾದುದು." "ಬೆರಳನ್ನು ಒದ್ದೆ ಮಾಡಿ ಪಾತ್ರೆಯ ಪಕ್ಕಕ್ಕೆ ತಾಗಿಸಿರಿ. ಚುಸ್ಸ್ ಎಂದಿತೇ? ಇನ್ನೊಮ್ಮೆ, ನನಗೆ ಕೇಳಿಸಲಿಲ್ಲ." ಇಡೀ ಕ್ಯಾಂಪಸ್ಸನ್ನು ಗದರುವ ಡೋರೀನ್ ಪ್ರತಿಯೊಂದಕ್ಕೂ "ಹೂಂ ಅಮ್ಮಾವ್ರೇ" ಎನ್ನುತ್ತಿದ್ದಳು. ಹಿನ್ನೆಲೆಯಲ್ಲಿ ಪೂರಾನ್ ಚಿಕ್ಕಮ್ಮ ಉರಿ ಜಾಸ್ತಿಯಾಯಿತು ಎಂದು ತಗಾದೆ ತೆಗೆದಳು. ಮಾಮಾನ್ ಅವಳನ್ನು ಬೇರೆಯೇ ಭಾಷೆಯಲ್ಲಿ ಬೈದಳು.

ಹನ್ನೆರಡಕ್ಕೆ ಜನ ತುಂಬಿದರು. ತಳದ ಅನ್ನ ಬಿಟ್ಟುಕೊಳ್ಳಲೆಂದು ಪಾತ್ರೆಗಳ ತಳವನ್ನು ತಣ್ಣೀರಿಗೆ ತಾಗಿಸಿದ ಸದ್ದು ಕೇಳಿತು. ಮೊದಲ ಪಾತ್ರೆಯನ್ನು ಡೋರೀನ್, ಕ್ವಾಬೆನಾ ಹೊತ್ತು ತಂದು ನನ್ನ ಕಣ್ಣೆದುರಿನ ಮೇಜಿನ ಮೇಲಿಟ್ಟು, ಮೇಲೆ ಹರಿವಾಣ ಮುಚ್ಚಿದರು. ಇನ್ನೊಬ್ಬರು ಫೋನನ್ನು ಎತ್ತಿ ಹಿಡಿದಿದ್ದರು. ಡೋರೀನ್ ಹಿಡಿತ ಬಲಕ್ಕೆ ವಾಲಿತ್ತು. ಸ್ವಲ್ಪ ಎಡಕ್ಕೆ ಹಿಡಿ ಎನ್ನಲು ಬಾಯಿ ತೆರೆದೆ. ಸಾಹೇಬರು ತಮ್ಮ ಟೋಪಿಯನ್ನು ನನ್ನ ಕೈಗೆ ಕೊಟ್ಟರು. ಅದನ್ನೇ ಕಚ್ಚಿಕೊಂಡೆ.

"ಹಿಂಜರಿಯದಿರಿ ಮಹಿಳೆಯೇ" ಎಂದಳು ಮಾಮಾನ್. "ಅನ್ನವು ಹೇಡಿಗಳನ್ನು ಗುರುತಿಸುತ್ತದೆ. ಈಗ!"

ಮಗುಚಿದರು. ಪಾತ್ರೆ ಎತ್ತಿದರು. ಇಡಿಯಾಗಿತ್ತು. ಒಂದು ಬಿರುಕೂ ಇಲ್ಲದೆ, ಹೊಂಬಣ್ಣದಲ್ಲಿ, ಅಂಚಿನವರೆಗೂ. ನಾನು ಮಾಡಿದ್ದಕ್ಕಿಂತ ಚೆನ್ನಾಗಿತ್ತು. ಇದನ್ನು ಇಲ್ಲಿ ಮಾತ್ರ ಬರೆಯುತ್ತೇನೆ. ಹಾಲ್ ತುಂಬ ಚಪ್ಪಾಳೆ, ಫೋನಿನ ಒಳಗಿನಿಂದಲೂ ಚಪ್ಪಾಳೆ, ಮಾವನ ಸಿಳ್ಳೆ. ಸಾಹೇಬರ ನಗು ಇವತ್ತು ಅವರಷ್ಟೇ ಉದ್ದವಿತ್ತು. ಮೂರನೆಯ ಪಾತ್ರೆ ಮಾತ್ರ ಒಡೆಯಿತು. ಆ ತುಂಡುಗಳಿಗೇ ಹುಡುಗರು ಹೊಡೆದಾಡಿದರು.

ನನ್ನ ತಟ್ಟೆಗೆ ಡೋರೀನ್ ಬಡಿಸಿದಳು, ಮೀನು ಕ್ವಾಬೆನಾ. ಹಬ್ಬದ ದಿನ ಕೈ ಕಟ್ಟಿಕೊಂಡು ಕೂತು ಬೇರೆಯವರು ಬಡಿಸಿದ್ದನ್ನು ತಿಂದಿದ್ದು ರಶ್ತ್ ಬಿಟ್ಟ ಮೇಲೆ ಇದೇ ಮೊದಲು. ಅನ್ನದಲ್ಲಿ ಸಬ್ಬಸಿಗೆ ಸರಿಯಾಗಿತ್ತು, ಉಪ್ಪು ಒಂದು ಚೂರು ಕಡಿಮೆ. ಅಳುತ್ತಲೇ ತಿಂದೆ, ಎರಡು ಸಲ ಹಾಕಿಸಿಕೊಂಡು ತಿಂದೆ. ನನಗೆ ಇವತ್ತು ಎಷ್ಟು ಸಂತೋಷವಾಗಿದೆ ಎಂದರೆ ಬರೆಯಲು ಕೂತರೆ ಕೈ ನಿಲ್ಲುತ್ತಿಲ್ಲ.

ಮಾರ್ಚ್ ೨೨, ಭಾನುವಾರ

ಏಳಕ್ಕೆ ಕಾರ್ಡು ತೋರಿಸಿದೆ. ಯಂತ್ರ ಹಸಿರು ದೀಪ ಹಾಕಿ ಒಳಗೆ ಬಿಟ್ಟಿತು.

ಸಿಂಕಿನ ಪಕ್ಕ ನಿನ್ನೆಯ ಎಂಟು ಪಾತ್ರೆಗಳೂ ನೀರು ತುಂಬಿಕೊಂಡು ಸಾಲಾಗಿ ನಿಂತಿದ್ದವು. ಮೇಲೊಂದು ಚೀಟಿ, ಡೋರೀನ್ ಕೈಬರಹ: "ಖಾನುಂ ಬಿಟ್ಟು ಬೇರೆ ಯಾರೂ ಮುಟ್ಟಕೂಡದು." ಎಂಥ ಪ್ರೀತಿ ನೋಡಿ. ತೋಳು ಮಡಚಿ ಶುರು ಮಾಡಿದೆ.

ಬಿಡುವಿನಲ್ಲಿ ಮಾಮಾನ್ ತಾನೇ ಫೋನ್ ಮಾಡಿದಳು.

"ಎಲ್ಲಿದೀಯ?"

"ಸಿಂಕ್ ಮುಂದೆ ಮಾಮಾನ್. ಪಾತ್ರೆ ಉಜ್ತಾ ಇದೀನಿ."

"ತೋರ್ಸು."

ತೋರಿಸಿದೆ. ಪಾತ್ರೆಗಳನ್ನು ಒಂದೊಂದಾಗಿ ನೋಡಿದಳು, ಆಮೇಲೆ ಕೈ ತೋರಿಸು ಎಂದಳು. ಬಿಸಿನೀರಿಗೆ ಕೆಂಪಾಗಿ ಸುಕ್ಕಾಗಿದ್ದ ಕೈ. ಈಗ ವಿಚಾರಣೆ ಶುರು ಎಂದುಕೊಂಡು ಕೈ ಒರೆಸಿಕೊಂಡೆ.

"ಇವತ್ತೂ ಮನೆ ತುಂಬ ಜನ ಬಂದಿದ್ರು" ಎಂದಳು. "ಎಲ್ರಿಗೂ ಹೇಳ್ದೆ. ನಮ್ಮ ಲಾದನ್ ಅಲ್ಲಿ ಎಂಥಾ ಕೆಲಸಗಾತಿ ಅಂದ್ರೆ, ಇವಳ ಕೈಲಿ ವಾರಕ್ಕೆ ಇಪ್ಪತ್ತು ಗಂಟೆಗಿಂತ ಜಾಸ್ತಿ ದುಡಿಸ್ಕೋಬಾರ್ದು ಅಂತ ಅಮೆರಿಕದ ಸರ್ಕಾರವೇ ಕಾನೂನು ಮಾಡಿದೆ ಅಂತ."

"ಮಾಮಾನ್, ಅದು ಹಂಗಲ್ಲ..."

"ಸುಮ್ನಿರೇ. ಪೂರಾನ್ ಮಗಳು ಕೆನಡಾದಲ್ಲಿ ದಿನಕ್ಕೆ ಹತ್ತು ಗಂಟೆ ದುಡೀತಾಳೆ. ಯಾವ ಸರ್ಕಾರ ತಲೆ ಕೆಡಿಸ್ಕೊಂಡಿದೆ?"

ತಿದ್ದಲು ಹೋಗಲಿಲ್ಲ. ಇನ್ನೂ ಮೂರು ಪಾತ್ರೆ ಬಾಕಿ ಇದ್ದವು.